ಎಡಗಡೆಯ ಸಾಲು

ರಸ್ತೆಗೆ ಎಡ ಯಾವುದು, ಬಲ ಯಾವುದು? ಇದೇನು ಒಂದನೇ ಕ್ಲಾಸಿನ ಪ್ರಶ್ನೆ ಅಂತ ನಗಬೇಡಿ. ಹೆದ್ದಾರಿ ಇಲಾಖೆಯಲ್ಲಿ ಇದಕ್ಕೊಂದು ಕಟ್ಟಳೆ ಇದೆ. ರಸ್ತೆ ಶುರುವಾಗುವ ಸೊನ್ನೆ ಕಲ್ಲಿಗೆ ಬೆನ್ನು ಕೊಟ್ಟು ನಿಂತರೆ ಎಡಗೈ ಕಡೆ ಬರುವುದು ಎಡ, ಬಲಗೈ ಕಡೆ ಬರುವುದು ಬಲ. ನೀವು ಯಾವ ದಿಕ್ಕಿನಿಂದ ಬಂದರೂ, ತಲೆಕೆಳಗಾಗಿ ನಡೆದು ಬಂದರೂ ಆ ಎಡ ಎಡವೇ. ಹುಲ್ಲು ಕೀಳುವ ಹೆಂಗಸರಿಂದ ಹಿಡಿದು ದೊಡ್ಡ ಸಾಹೇಬರವರೆಗೆ ಎಲ್ಲರಿಗೂ ಗೊತ್ತಿರುವ ಮಾತು ಇದು. ಗೊತ್ತಿಲ್ಲದವನು ಒಬ್ಬನೇ, ಮರ ಕಡಿಯುವ ಯಂತ್ರದ ಆಪರೇಟರು. ಅವನು ಇಲಾಖೆಯವನಲ್ಲ, ಗುತ್ತಿಗೆದಾರ ಬಾಡಿಗೆಗೆ ಕರೆತಂದವನು. ಬೇರೆಲ್ಲೋ ಕೆಲಸ ಮುಗಿಸಿಕೊಂಡು ರಸ್ತೆಯ ಆ ಕೊನೆಯಿಂದ ಬಂದ. ಎಂಜಿನಿಯರ್ ಸಾಹೇಬರು ಫೋನಿನಲ್ಲಿ, "ಎಡಗಡೆ ಸಾಲು ಪೂರ್ತಿ ತೆಗೆದುಬಿಡು" ಅಂದರು. ಅವನು ತನ್ನ ಎಡಗೈ ನೋಡಿಕೊಂಡ, ಶುರು ಹಚ್ಚಿಕೊಂಡ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತಾರಲ್ಲ, ಅದನ್ನು ಕಣ್ಣಾರೆ ನೋಡಬೇಕಿದ್ದರೆ ಆವತ್ತು ಆ ರಸ್ತೆಗೆ ಬರಬೇಕಿತ್ತು. ರಸ್ತೆಯ ಎರಡೂ ಬದಿಗೆ ಹಳೆಯ ಮಳೆಮರಗಳ ಸಾಲು. ಎಡಗಡೆ ಸಾಲಿನ ಮರಗಳಿಗೆ ಒಳಗೆ ಹುಳ ಹೊಕ್ಕಿತ್ತು. ಮೇಲೆ ಹಸಿರು, ಒಳಗೆ ಬರೀ ಪುಡಿ. ಮರ ಪರೀಕ್ಷೆ ಮಾಡುವವರು ಬಂದು, ಬೈರಿಗೆ ಹಾಕಿ ನೋಡಿ, "ಇವು ಇವತ್ತೋ ನಾಳೆಯೋ ಬೀಳ್ತವೆ, ಕಡೀರಿ" ಅಂತ ಬರೆದುಕೊಟ್ಟು ಹೋಗಿದ್ದರು. ಬಲಗಡೆಯ ಸಾಲು ಕಲ್ಲಿನಂತೆ ಗಟ್ಟಿಯಾಗಿತ್ತು. ಕಡಿದದ್ದು ಅದನ್ನು.

ಮರಗಳಿಗೆ ಗುರುತು ಹಾಕಿರಲಿಲ್ಲವೇ ಅಂತ ನೀವು ಕೇಳುತ್ತೀರಿ. ಹಾಕಿದ್ದರು ಸ್ವಾಮಿ, ಹಾಕಿದ್ದರು! ಎಡಗಡೆಯ ಒಂದೊಂದು ಮರಕ್ಕೂ ಕೆಂಪು ಬಣ್ಣದಲ್ಲಿ ಅಡ್ಡಗೀಟು ಎಳೆದಿದ್ದರು. ಆದರೆ ರಸ್ತೆಯ ಕಡೆಗಲ್ಲ, ಹಿಂದುಗಡೆ, ಕಾಲುದಾರಿಯ ಕಡೆಗೆ. ಅದು ಸಾಹೇಬರ ಹುಕುಂ. ರಸ್ತೆಯಿಂದ ಕೆಂಪು ಕಂಡರೆ ಜನ ಬಂದು ಮರ ತಬ್ಬಿಕೊಂಡು ಗಲಾಟೆ ಮಾಡುತ್ತಾರಂತೆ. ಹೀಗಾಗಿ ಜನರಿಗೂ ಕಾಣಲಿಲ್ಲ, ಯಂತ್ರದಲ್ಲಿ ಕೂತವನಿಗೂ ಕಾಣಲಿಲ್ಲ.

ಆ ರಸ್ತೆಯ ಗಿಡಮರಗಳ ಗ್ಯಾಂಗಿಗೆ ಮೇಸ್ತ್ರಿ ಒಬ್ಬ ಹೆಂಗಸು. ಬೆನ್ನ ಹಿಂದೆ ಎಲ್ಲರೂ ಅವಳನ್ನು ಸೈರನ್ ಅಕ್ಕ ಅನ್ನುತ್ತಿದ್ದರು, ಎದುರಿಗೆ ಬರೀ ಅಕ್ಕ. ಲಾರಿಗಳ ಸದ್ದಿನ ನಡುವೆ ರಸ್ತೆಯ ಆಚೆ ಬದಿಯ ಆಳನ್ನು ಕರೆಯಬೇಕಾದ ಕೆಲಸ, ಗಂಟಲು ಹಾಗೇ ಬೆಳೆದುಕೊಂಡಿತ್ತು. ಯಂತ್ರ ಬಂದ ದಿನ ಸಾಹೇಬರು ಅವಳನ್ನು ದೂರದ ಸೇತುವೆಯ ಹತ್ತಿರ ಪೊದೆ ಸವರಲು ಕಳಿಸಿದ್ದರು. ಸುದ್ದಿ ತಿಳಿದು ಟ್ರ್ಯಾಕ್ಟರ್ ಹತ್ತಿಕೊಂಡು ಬರುವಷ್ಟರಲ್ಲಿ ಅರ್ಧ ಸಾಲು ಮಲಗಿತ್ತು. ಬಿದ್ದ ಬೊಡ್ಡೆಗಳ ಕೊಯ್ದ ಮುಖ ಬೆಣ್ಣೆಯ ಬಣ್ಣಕ್ಕಿತ್ತು. ಹುಳವಿಲ್ಲ, ಚುಕ್ಕೆಯೂ ಇಲ್ಲ.

"ನಿಲ್ಸೋ! ನಿಲ್ಸೋ ಅಂದ್ರೆ!" ಅಂತ ಅವಳು ಕೂಗಿದ ಕೂಗಿಗೆ ಪಂಚರ್ ಅಂಗಡಿಯವನು ಕೈಯಲ್ಲಿದ್ದ ಟ್ಯೂಬ್ ಕೆಳಗೆ ಹಾಕಿದನಂತೆ.

"ಎಡಗಡೆ ಅಂದ್ರು, ಎಡಗಡೆ ಕಡ್ದೆ. ನನ್ನ ಮೇಲೇನಕ್ಕೆ ಹಾರಾಡ್ತೀರಾ?" ಅಂದ ಆಪರೇಟರು. ಪಾಪ, ಅವನ ಮಟ್ಟಿಗೆ ಅದು ನಿಜ.

ಸಾಹೇಬರು ಕಾರಿನಲ್ಲಿ ಬಂದರು. ಇಳಿದರು. ನೋಡಿದರು. ತಲೆಯ ಮೇಲೆ ಕೈ ಹೊತ್ತು ಕೂರುತ್ತಾರೆ ಅಂದುಕೊಂಡಳು ಅವಳು. ಎಲ್ಲಿಯ ಮಾತು! ಆಚೀಚೆ ನೋಡಿ, ಗುತ್ತಿಗೆದಾರನ ಕಿವಿಯಲ್ಲಿ ಏನೋ ಹೇಳಿ, ಆಮೇಲೆ ಆಪರೇಟರಿಗೆ ಕೈಸನ್ನೆ ಮಾಡಿದರು: ಮುಂದುವರಿಸು.

"ಸಾರ್, ಇವು ಗಟ್ಟಿಮರ!"

"ಅರ್ಧ ಕಡ್ದು ಬಿಟ್ರೆ ತಪ್ಪು ಅಂತ ಕಾಣತ್ತಮ್ಮ," ಅಂದರು ಸಾಹೇಬರು, ಮಗುವಿಗೆ ಪಾಠ ಹೇಳುವ ಹಾಗೆ. "ಪೂರ್ತಿ ಕಡಿದ್ರೆ ಕೆಲಸ ಅಂತ ಕಾಣತ್ತೆ."

ಎಂಥ ಮಾತು ನೋಡಿ! ಸಂಜೆಯ ಹೊತ್ತಿಗೆ ಬಲಗಡೆ ಒಂದು ಮರವೂ ಉಳಿಯಲಿಲ್ಲ. ವಾರದೊಳಗೆ ಕಚೇರಿಯಲ್ಲಿ ಕಡತಗಳೂ ತಿರುಗಿ ಬಿದ್ದವು. ಹುಳ ಹಿಡಿದದ್ದು ಬಲಗಡೆಯ ಸಾಲಿಗೆ, ಅದನ್ನು ತೆಗೆಯಲಾಗಿದೆ. ಎಡಗಡೆಯ ಸಾಲು ಆರೋಗ್ಯವಾಗಿದೆ, ಅದನ್ನು ಕಾಪಾಡಲಾಗುವುದು. ಗಟ್ಟಿಮರಕ್ಕೆ ಹಾಕುವ ಬಿಳಿ ಸುಣ್ಣದ ಪಟ್ಟಿಯನ್ನು ಪೊಳ್ಳುಮರಗಳಿಗೆ ಬಳಿಯಬೇಕು ಅಂತ ಮೇಸ್ತ್ರಿಗೆ ಹುಕುಂ ಬಂತು. ಅವಳು ಸುಣ್ಣದ ಬಕೀಟನ್ನು ಸಾಹೇಬರ ಕೋಣೆಯ ಬಾಗಿಲಲ್ಲೇ ಇಟ್ಟು, "ನನ್ನ ಕೈಲಿ ಆಗಲ್ಲ ಸಾರ್, ಆ ಮರಗಳ ಕೆಳಗೆ ಬಸ್ ಸ್ಟಾಪಿದೆ" ಅಂದು ಬಂದಳು. ಮೇಲಿನ ಕಚೇರಿಗೂ ಹೋದಳು. ಅಲ್ಲಿಯವರು "ನೋಡೋಣ" ಅಂದರು. ನೋಡೋಣ ಅಂದವರು ಯಾವತ್ತಾದರೂ ನೋಡಿದ್ದುಂಟೇ?

ಎರಡು ದಿನ ಬಿಟ್ಟು ಹೋಗಿ ನೋಡಿದರೆ ಮರಗಳಿಗೆ ಸುಣ್ಣ ಬಿದ್ದಿತ್ತು. ಹಿಂದುಗಡೆ, ಕೆಂಪು ಗೀಟಿದ್ದಲ್ಲಿ, ಸುಣ್ಣ ಕೆಂಪನ್ನು ಕುಡಿದು ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಯಾರು ಬಳಿದದ್ದು ಅಂತ ಕೇಳಿದರೆ ಆಳುಗಳು ನೆಲ ನೋಡಿದರು. ಕೊನೆಗೆ ಪಂಚರ್ ಅಂಗಡಿಯವನು ಬಾಯಿಬಿಟ್ಟ: "ಇನ್ಯಾರಕ್ಕಾ, ನಿಮ್ಮ ಅಳಿಲು."

ಅಳಿಲು ಅಂದರೆ ಅವಳ ತಮ್ಮ. ಗ್ಯಾಂಗಿನಲ್ಲಿ ಮರ ಹತ್ತುವವನು. ಸೊಂಟಕ್ಕೆ ಬೆಲ್ಟು, ಹೆಗಲಿಗೆ ಹಗ್ಗ ಹಾಕಿಕೊಂಡು ಹೊರಟನೆಂದರೆ ತುದಿಕೊಂಬೆಯಲ್ಲಿ ಕೂತು ಕಾಲು ಅಲ್ಲಾಡಿಸುತ್ತ ಬೀಡಿ ಸೇದುವ ಪೈಕಿ. ಅಮ್ಮ ತೀರಿಕೊಂಡಾಗ ಅವನಿಗೆ ಇನ್ನೂ ಹಲ್ಲು ಹುಟ್ಟುವ ವಯಸ್ಸು. ಅಕ್ಕ ಅವನನ್ನು ಸೊಂಟಕ್ಕೇರಿಸಿಕೊಂಡು ಇದೇ ರಸ್ತೆಯಲ್ಲಿ ಹುಲ್ಲು ಕಿತ್ತಳು, ಸಾಕಿದಳು, ಮದುವೆ ಮಾಡಿದಳು. ಅವಳಿಗೆ ಮದುವೆ ಮಾಡುವವರು ಯಾರೂ ಇರಲಿಲ್ಲ, ಆಗಲೂ ಇಲ್ಲ. ಈಗ ತಮ್ಮ, ತಮ್ಮನ ಹೆಂಡತಿ, ಅವಳು, ಮೂವರೂ ಒಂದೇ ಮನೆ. ಅವನದು ದಿನಗೂಲಿ, ಅವಳದು ಖಾಯಂ ನೌಕರಿ. ಮನೆಯ ಬಾಡಿಗೆ, ಗ್ಯಾಸು, ಅವನ ಹೆಂಡತಿಯ ಮಂಡಿಯ ಔಷಧಿ, ಎಲ್ಲವೂ ಅವಳ ಸಂಬಳದ ಮೇಲೆ ನಿಂತಿತ್ತು.

ಅಂಥ ತಮ್ಮ ಸುಣ್ಣ ಬಳಿದ.

ಅಷ್ಟಕ್ಕೇ ಮುಗಿಯಲಿಲ್ಲ. ಕೊಂಬೆಗಳು ಬಸ್ಸಿನ ನೆತ್ತಿಗೆ ಬಡಿಯುತ್ತಿವೆ ಅಂತ ಬಸ್ಸಿನವರು ದೂರು ಕೊಟ್ಟರು. ಎಡಗಡೆ ಸಾಲಿನ ಕೊಂಬೆ ಸವರಿ ಅಂತ ಆದೇಶವಾಯಿತು. ಇಲ್ಲಿ ಒಂದು ಮಾತು ತಿಳಿದುಕೊಳ್ಳಿ. ಪೊಳ್ಳುಮರ ಅಂತ ಬರೆದಿದ್ದರೆ ಅದರ ಮೇಲೆ ಯಾರೂ ಕಾಲಿಡುವ ಹಾಗಿಲ್ಲ. ಆಳನ್ನು ಮೇಲಕ್ಕೆತ್ತುವ ತೊಟ್ಟಿಲು ಗಾಡಿ ತರಿಸಿ, ಅದರಲ್ಲಿ ನಿಂತು, ಮರಕ್ಕೆ ಮೈ ತಾಗಿಸದೆ ಕೊಯ್ಯಬೇಕು. ಗಟ್ಟಿಮರ ಅಂತ ಬರೆದಿದ್ದರೆ ಆಳು ಹತ್ತುತ್ತಾನೆ. ಈಗ ಕಡತದಲ್ಲಿ ಇವು ಗಟ್ಟಿಮರ. ಹತ್ತುವ ಆಳು ಅಳಿಲು. ಸಾಹೇಬರಿಗೂ ಅದೇ ಬೇಕಿತ್ತು. ಒಬ್ಬ ಮನುಷ್ಯ ಹತ್ತಿ, ಸವರಿ, ಇಳಿದು ಬಂದ ಮರ ಅಂದ ಮೇಲೆ ಅದನ್ನು ಪೊಳ್ಳು ಅನ್ನಲು ಯಾರಿಗೆ ಬಾಯಿ ಬರುತ್ತದೆ? ಕೋಲೂ ಮುರಿಯಬಾರದು, ಹಾವೂ ಸಾಯಬೇಕು. ಕೋಲು ಯಾರ ಮನೆಯದು ಅಂತ ಮಾತ್ರ ಯಾರೂ ಕೇಳಲಿಲ್ಲ.

ಹತ್ತಬೇಕಾದ ದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಅವಳು ತಮ್ಮನ ದಾರಿಗೆ ಅಡ್ಡ ನಿಂತಳು. ಅವನ ಹೆಂಡತಿ ಡಬ್ಬಿಗೆ ಅನ್ನ ತುಂಬುತ್ತಿದ್ದವಳು ಸೌಟನ್ನು ಸದ್ದಾಗದ ಹಾಗೆ ಕೆಳಗಿಟ್ಟಳು.

"ಹತ್ತಲ್ಲ ಅಂತ ಹೇಳು ಅವರಿಗೆ."

"ಹತ್ತೋದು ನನ್ನ ಕೆಲಸ ಅಕ್ಕ."

"ಮರ ಹತ್ತೋದು ನಿನ್ನ ಕೆಲಸ ಕಣೋ, ಚಟ್ಟ ಹತ್ತೋದಲ್ಲ! ಆ ಮರದೊಳಗೆ ಏನಿದೆ ಅಂತ ನಿಂಗೆ ಗೊತ್ತಿಲ್ವಾ? ನೀನೇ ಸುಣ್ಣ ಬಳ್ದೆಯಲ್ಲ, ಬಡಿದು ನೋಡೋಕೆ ಕೈ ಇರ್ಲಿಲ್ವಾ?"

ಅವನು ಬೂಟಿನ ದಾರ ಕಟ್ಟಿದ. ಬಿಚ್ಚಿದ. ಮತ್ತೆ ಕಟ್ಟಿದ.

"ಏನಂದ್ರು ಸಾಹೇಬ್ರು? ಖಾಯಂ ಮಾಡ್ತೀನಿ ಅಂದ್ರಾ?"

"ಹ್ಞೂಂ ಅಂದ್ಕೋ."

"ಥೂ! ಖಾಯಂ ಆಗೋ ಆಸೆಗೆ ಬಸ್ ಸ್ಟಾಪಲ್ಲಿ ನಿಲ್ಲೋ ಜನದ ಕಣ್ಣಿಗೆ ಸುಣ್ಣ ಹಾಕಿದ್ಯಲ್ಲೋ! ನಾನು ಸಾಕಿದ್ದು ಇದಕ್ಕಾ? ಇಷ್ಟು ದಿನ ಉಪ್ಪು ಖಾರ ಹಾಕಿ ಅನ್ನ ಹಾಕಿದೀನಿ, ಬೀದೀಲಿ ಬಿದ್ದಿರೋ ನಾಯಿಗೆ ಹಾಕಿದ್ರೆ ಬಾಲನಾದ್ರೂ ಅಲ್ಲಾಡ್ಸೋದು!"

ತಮ್ಮನ ಹೆಂಡತಿ, "ಅತ್ತಿಗೇ..." ಅಂತ ಬಾಯಿ ತೆರೆದಳು. ಅಳಿಲು ಅವಳತ್ತ ಒಂದು ನೋಟ ನೋಡಿದ, ಅವಳು ಬಾಯಿ ಮುಚ್ಚಿಕೊಂಡಳು. ಅವನು ಡಬ್ಬಿ ತೆಗೆದುಕೊಂಡು, ಅಕ್ಕನ ಪಕ್ಕದಲ್ಲೇ ಮೈ ಓರೆ ಮಾಡಿ ದಾಟಿ ಹೋದ. ಸಿಟ್ಟಿನಲ್ಲಿ ಅವಳು ಅವನ ಹಿಂದೆಯೇ ಬೈಯುತ್ತ ಬೀದಿಯ ಕೊನೆಯವರೆಗೆ ನಡೆದಳು. ಬೀದಿಯವರು ಕಿಟಕಿಯಲ್ಲಿ ಇಣುಕಿದರು. ಇಣುಕಲಿ, ಅವಳಿಗೇನು?

ಬಿಸಿಲು ನೆತ್ತಿಗೆ ಬಂದಾಗ ಕೆಲಸ ಶುರುವಾಗಬೇಕಿತ್ತು, ಆ ಹೊತ್ತಿಗೆ ಬಸ್ಸು ಕಡಿಮೆ. ಮೇಸ್ತ್ರಿಯ ಕರ್ತವ್ಯ ಮೇಸ್ತ್ರಿ ಮಾಡಲೇಬೇಕು. ಅವಳು ಎಡಗಡೆಯ ಪಥಕ್ಕೆ ಕೋನುಗಳನ್ನು ಇಡಿಸಿದಳು, ಬಸ್ ಸ್ಟಾಪಿನ ಜನರನ್ನು ದೂರ ಸರಿಸಿದಳು, ಪಂಚರ್ ಅಂಗಡಿಯವನನ್ನೂ ಬೀಗದ ಕೈ ಮಾಡುವವನನ್ನೂ ಅಂಗಡಿ ಬಿಟ್ಟು ಈಚೆ ಬರಿಸಿದಳು. ಬಲಗಡೆಯಲ್ಲಿ ಬರೀ ಬೊಡ್ಡೆಗಳು. ಅಲ್ಲಿ ಬಿಸಿಲು ಡಾಂಬರಿನ ಮೇಲೆ ಕಾದು ಕುಣಿಯುತ್ತಿತ್ತು. ಎಡಗಡೆಯಲ್ಲಿ ಮಾತ್ರ ರಸ್ತೆಯ ಉದ್ದಕ್ಕೂ ಹಾಸಿದಷ್ಟು ನೆರಳು.

ಸಾಹೇಬರ ಕಾರು ಬಂತು. ಬಂದು ಬಲಗಡೆಗೆ ನಿಂತಿತು.

ಅಳಿಲು ಮೊದಲನೆಯ ಮರಕ್ಕೆ ಏಣಿ ಒರಗಿಸಿ, ಬೆಲ್ಟು ಬಿಗಿದು, ಮೊದಲ ಮೆಟ್ಟಿಲಿಗೆ ಒಂದು ಕಾಲಿಟ್ಟು ನಿಂತಿದ್ದ. ಸಾಹೇಬರು ಕಾರಿನ ಪಕ್ಕದಲ್ಲೇ ನಿಂತು ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತ ಆ ಬದಿಯಿಂದಲೇ ಕೂಗಿದರು: "ಹ್ಞಾಂ, ಹತ್ತಯ್ಯ! ಏನು ಕಾಯ್ತಿದ್ದೀಯ?"

ಸೈರನ್ ಅಕ್ಕ ಸಾಹೇಬರನ್ನು ನೋಡಿದಳು. ಸಾಹೇಬರ ಬೆವರು ನೋಡಿದಳು. ಕಾರು ನೋಡಿದಳು, ಅದರ ನೆತ್ತಿಯ ಮೇಲೆ ಕೈಯಿಟ್ಟರೆ ಬೊಬ್ಬೆ ಬರುವಂತಿತ್ತು. ಡ್ರೈವರು ಬಾಗಿಲು ತೆರೆದಿಟ್ಟುಕೊಂಡು ಕಾಗದದಿಂದ ಗಾಳಿ ಹಾಕಿಕೊಳ್ಳುತ್ತಿದ್ದ. ಸುಣ್ಣ ಬಿದ್ದ ದಿನದಿಂದಲೂ ಈ ಕಾರು ಈ ರಸ್ತೆಯಲ್ಲಿ ನೆರಳಿಗೆ ನಿಂತದ್ದು ಅವಳು ನೋಡಿರಲಿಲ್ಲ. ಅದು ಈಗ, ಈ ಕ್ಷಣ, ಅವಳ ತಲೆಗೆ ಹೊಳೆಯಿತು.

"ಸಾರ್!" ಅಂದಳು. ಗಂಟಲಿನ ಸೈರನ್ ಪೂರ್ತಿ ತೆರೆದಿತ್ತು. "ಕಾರು ಯಾಕೆ ಸಾರ್ ಬಿಸಿಲಲ್ಲಿ?"

"ಏನಮ್ಮ?"

"ಇಷ್ಟು ನೆರಳಿದೆ ಈ ಕಡೆ. ಕಾರು ಯಾಕೆ ಬಿಸಿಲಲ್ಲಿ ಬೇಯ್ತಾ ಇದೆ ಅಂತ ಕೇಳ್ದೆ."

"ಅದು... ಹಕ್ಕಿ ಗಲೀಜು ಮಾಡ್ತವೆ," ಅಂದರು ಸಾಹೇಬರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

"ಹಕ್ಕಿ ಬಿಟ್ಟು ಹೋಗಿ ಎಷ್ಟು ಕಾಲ ಆಯ್ತು ಸಾರ್ ಈ ಮರಾನ! ಕತ್ತೆತ್ತಿ ನೋಡಿ, ಒಂದು ಗೂಡಿದ್ರೆ ತೋರ್ಸಿ. ಹಕ್ಕಿಗಿರೋ ಬುದ್ಧಿ ನನ್ನ ತಮ್ಮಂಗಿಲ್ಲ." ಅವಳು ರಸ್ತೆಯ ನಡುವಿಗೆ ಬಂದು ನಿಂತಳು. "ನೀವು ಗಟ್ಟಿಮರ ಅಂತ ಬರೆದಿದೀರಿ, ಅಲ್ವಾ? ನಿಮ್ಮ ಮಾತನ್ನೇ ನಂಬ್ತೀನಿ. ಕಾರು ತಂದು ಈ ಮರದ ಕೆಳಗೆ ನಿಲ್ಲಿಸಿ. ಒಳಗೆ ನೀವು ಕೂರೋದೂ ಬೇಡ, ಬರೀ ಕಾರು ನಿಲ್ಲಿಸಿ. ಅವನು ಹತ್ತಿ ಇಳಿಯೋವರ್ಗೂ ಅದು ಅಲ್ಲೇ ಇರ್ಲಿ. ನಾನು ಒಂದು ಮಾತೂ ಆಡಲ್ಲ."

ಬಸ್ಸಿಗೆ ಕಾದಿದ್ದ ಜನ ಹತ್ತಿರ ಬಂದರು. ಪಂಚರ್ ಅಂಗಡಿಯವನು, "ನಿಲ್ಸಿ ಸಾರ್, ಗಾಳಿ ಬೇಕಿದ್ರೆ ನಾನು ಫ್ರೀಯಾಗಿ ಹಾಕಿಕೊಡ್ತೀನಿ" ಅಂದ. ಯಾರೋ ಕಿಸಕ್ಕನೆ ನಕ್ಕರು. ಸಾಹೇಬರಿಗೆ ಬೇರೆ ದಾರಿ ಉಳಿಯಲಿಲ್ಲ.

"ಲೇ, ಕಾರು ಆ ಕಡೆ ಹಾಕು," ಅಂದರು ಡ್ರೈವರಿಗೆ.

ಡ್ರೈವರು ಕಾಗದ ಮಡಿಸಿದ. ಕೆಳಗಿಳಿದ. ಮರವನ್ನು ಬುಡದಿಂದ ತುದಿಯವರೆಗೆ ಒಮ್ಮೆ ನೋಡಿದ. ಬೀಗದ ಕೈಯನ್ನು ತೆಗೆದು ಎರಡೂ ಕೈಯಲ್ಲಿ ಹಿಡಿದು, ತುಂಬಾ ವಿನಯದಿಂದ ಸಾಹೇಬರ ಮುಂದೆ ಚಾಚಿದ. "ಆ ಕಡೆ ಅಪ್ಪಿತಪ್ಪಿ ನಿಲ್ಲಿಸ್ಬೇಡ ಅಂತ ನೀವೇ ಹೇಳಿದ್ದಲ್ವಾ ಸಾರ್. ನಂಗೆ ಎರಡು ಹೆಣ್ಣು ಮಕ್ಕಳಿವೆ. ನೀವೇ ನಿಲ್ಸಿ."

ಜನ ಗೊಳ್ಳೆಂದರು. ಸಾಹೇಬರು ಬೀಗದ ಕೈ ಮುಟ್ಟಲಿಲ್ಲ. ಮುಖ ಕಪ್ಪಿಟ್ಟಿತು. ಸೋತವರು ಸುಮ್ಮನೆ ಹೋಗಿದ್ದರೆ ಮರ್ಯಾದೆ ಒಂದಿಷ್ಟಾದರೂ ಉಳಿಯುತ್ತಿತ್ತು. ಹೋಗಲಿಲ್ಲ. ಏಣಿಯ ಹತ್ತಿರ ನಿಂತಿದ್ದ ಅಳಿಲಿನ ಕಡೆಗೆ ಬೆರಳು ಮಾಡಿ ಕಿರುಚಿದರು:

"ನೀನೇನೋ ಬಾಯಿ ಬಿಟ್ಕೊಂಡು ನೋಡ್ತೀಯ? ಹತ್ತು! ಇಲ್ಲಾಂದ್ರೆ ನಿನ್ನ ಅಕ್ಕನ ಮೇಲಿನ ರಿಪೋರ್ಟು ಇವತ್ತೇ ಹೋಗತ್ತೆ. ನಿಂಗೆ ಹೇಳಿದ್ದೀನಿ ತಾನೆ?"

ಸೈರನ್ ನಿಂತಿತು. ಜನರ ನಗುವೂ ನಿಂತಿತು.

"ಯಾವ ರಿಪೋರ್ಟು?" ಅಂದಳು ಅವಳು. ಸಾಹೇಬರನ್ನಲ್ಲ, ತಮ್ಮನನ್ನು ನೋಡಿ.

ಅವನು ಮೆಟ್ಟಿಲಿನ ಮೇಲಿದ್ದ ಕಾಲನ್ನು ನೋಡುತ್ತ ನಿಂತಿದ್ದ.

"ಕೇಳಿದ್ದು ನಿಂಗೆ ಕಣೋ. ಯಾವ ರಿಪೋರ್ಟು?"

"ಯಂತ್ರದವನಿಗೆ ಸಾಲು ತೋರಿಸಿದ್ದು ನೀನು ಅಂತ," ಅಂದ ಅಳಿಲು. "ನೀನೇ ಕೈ ಮಾಡಿ ಬಲಗಡೆ ತೋರ್ಸಿದ್ದು, ತಪ್ಪು ನಿಂದೇ ಅಂತ. ಕಡತ ಮತ್ತೆ ತಿರುಗಿಸಿ ಹಾಗೇ ಬರೀತಾರಂತೆ. ಆಪರೇಟರ್ ಕೈಲೂ ಹೇಳಿಸ್ತಾರಂತೆ. ನಿನ್ನ ಕೆಲಸ ಹೋಗತ್ತೆ ಅಂದ್ರು. ಸುಣ್ಣ ಬಳಿದು, ಹತ್ತಿ ಇಳಿದುಬಿಟ್ರೆ ಆ ವಿಷಯ ಅಲ್ಲಿಗೆ ಮುಚ್ಚಿಹೋಗತ್ತೆ ಅಂದ್ರು."

"ಖಾಯಂ ಮಾಡ್ತೀನಿ ಅಂದಿದ್ದು?"

"ನನ್ನ ಯಾರಕ್ಕ ಖಾಯಂ ಮಾಡ್ತಾರೆ?"

ಆಗ ಅವಳಿಗೆ ಬೆಳಗಿನಿಂದ ತಾನು ಆಡಿದ ಮಾತುಗಳೆಲ್ಲ ಒಟ್ಟಿಗೆ ಕೇಳಿಸಿದವು, ನಾಯಿಯ ಮಾತೂ ಸೇರಿ. ಅವಳು ನಡೆದು ಹೋಗಿ ಅವನ ಕೆನ್ನೆಗೆ ಛಟೀರೆಂದು ಬಾರಿಸಿದಳು. ಮೀಸೆ ಬಂದ ಗಂಡಸು, ಊರ ಜನದ ಮುಂದೆ. ಅವನು ಕೆನ್ನೆ ಮುಟ್ಟಿಕೊಳ್ಳಲಿಲ್ಲ.

"ಪೊಳ್ಳು ಅಂತ ಗೊತ್ತಿತ್ತೇನೋ?"

"ಗೊತ್ತಿತ್ತು. ಬಡಿದು ನೋಡ್ದೆ. ಡೋಲು ಬಾರಿಸಿದಂಗೆ ಕೇಳ್ಸತ್ತೆ."

"ಗೊತ್ತಿದ್ದೂ..."

"ಹಗುರಕ್ಕಿದೀನಲ್ಲ ಅಕ್ಕ. ಹುಷಾರಾಗಿ ಹತ್ತಿದ್ರೆ ಆಗ್ತಿತ್ತೇನೋ."

ಅವಳು ಸಾಹೇಬರ ಕಡೆ ತಿರುಗಿದಳು. ಈ ಸಲ ಕೂಗಲಿಲ್ಲ, ಆದರೂ ಆ ಬದಿಯವರೆಗೆ ಕೇಳಿಸಿತು. "ಕಳಿಸ್ರಿ ರಿಪೋರ್ಟು. ಇವತ್ತೇ ಕಳಿಸ್ರಿ. ನಾನು ಎಡ ಬಲ ಗೊತ್ತಿಲ್ಲದ ಹೆಂಗಸು ಅಂತ ಬರೀರಿ. ಕೆಲಸ ಕಿತ್ತುಕೊಳ್ರಿ. ಇಲ್ಲಿ ನಿಂತಿರೋ ಇಷ್ಟು ಜನ ನಿಮ್ಮ ಕಾರು ಎಲ್ಲಿ ನಿಂತಿತ್ತು ಅಂತ ನೋಡಿದಾರೆ, ಅವರಿಗೂ ಬಾಯಿದೆ. ಈ ಕೋನು ನಾನು ತೆಗೆಯಲ್ಲ. ತೊಟ್ಟಿಲು ಗಾಡಿ ಬರೋವರ್ಗೂ ಈ ಮರದ ಕೆಳಗೆ ಬಸ್ಸೂ ಹೋಗಲ್ಲ, ಮನುಷ್ಯನೂ ಹೋಗಲ್ಲ. ತೆಗಿಸ್ಬೇಕು ಅಂತಿದ್ರೆ ನೀವೇ ಈ ಕಡೆ ಬಂದು ತೆಗೀರಿ."

ಸಾಹೇಬರು ಬರಲಿಲ್ಲ. ಹಿಂದಿನಿಂದ ಒಂದು ಬಸ್ಸು ಬಂದು ನಿಂತು ಹಾರನ್ ಹೊಡೆಯಿತು, ಅದರ ಹಿಂದೆ ಇನ್ನೊಂದು. ಪಂಚರ್ ಅಂಗಡಿಯವನು ತನ್ನ ಅಂಗಡಿಯ ಹಳೆ ಟಯರುಗಳನ್ನು ಉರುಳಿಸಿಕೊಂಡು ಬಂದು ಕೋನುಗಳ ನಡುವೆ ಇಡತೊಡಗಿದ.

"ಬೆಲ್ಟು ಬಿಚ್ಚೋ," ಅಂದಳು ತಮ್ಮನಿಗೆ.

ಅವನು ಬಿಚ್ಚಲು ಹೋದ. ಕೊಂಡಿ ಬೆರಳಿಗೆ ಸಿಗಲಿಲ್ಲ. ಅವಳು ಅವನ ಕೈಯನ್ನು ಪಕ್ಕಕ್ಕೆ ತಳ್ಳಿ, ಅವನನ್ನು ಏಣಿಯಿಂದ, ಮರದಿಂದ, ಆ ನೆರಳಿನಿಂದಲೇ ಎಳೆದು ಬಿಸಿಲಿಗೆ ತಂದು, ಮಂಡಿಯೂರಿ ಕೂತು ತಾನೇ ಕೊಂಡಿ ಬಿಚ್ಚತೊಡಗಿದಳು. ಬಿಗಿಯಾಗಿತ್ತು, ಉಗುರು ಮುರಿಯಿತು. ಕಣ್ಣಲ್ಲಿ ನೀರು ತುಂಬಿ ಏನೂ ಕಾಣುತ್ತಿರಲಿಲ್ಲ, ಬಾಯಿ ಮಾತ್ರ ನಿಂತಿರಲಿಲ್ಲ.

"ಬೇವಕೂಫ. ಕತ್ತೆ. ನನ್ನ ಕೆಲಸ ಉಳಿಸ್ತಾನಂತೆ! ಯಾರೋ ಕೇಳಿದ್ರು ನಿನ್ನ? ನೀನು ಸತ್ತ ಮೇಲೆ ಆ ಕೆಲಸ ಇಟ್ಕೊಂಡು ನಾನೇನೋ ಮಾಡ್ಲಿ, ನಿನ್ನ ಗುಂಡಿ ಮೇಲೆ ಬೆಳೆದಿರೋ ಹುಲ್ಲು ಕೀಳ್ಲಾ?"